ಕಣ್ಣಿಗೆ ಬಿಟ್ಟ ಹಾಲು

ಬೆಳ್ತಂಗಡಿಯ ಡಾಕ್ಟರು ಮದರಾಸಿನಿಂದ ಅಂಚೆಯಲ್ಲಿ ಬಂದ ಕಣ್ಣಿನ ವೈದ್ಯರ ಪತ್ರಿಕೆಯನ್ನು ಬಿಡಿಸಿ ಮೇಜಿನ ಮೇಲಿಟ್ಟರು. ಐವತ್ತೆಂಟನೇ ಇಸವಿಯ ಮಾರ್ಚ್ ಸಂಚಿಕೆ. "ನೋಡಮ್ಮ ಸರಸ, ನಿನ್ನ ಮಗಳ ಕಣ್ಣು ಅಚ್ಚಾಗಿದೆ. ನಾನೇ ಬರೆದದ್ದು."

ಸರಸ ಬಗ್ಗಿ ನೋಡಲಿಲ್ಲ. ತನ್ನ ಕೂಸನ್ನೆತ್ತಿಕೊಂಡು ಪಕ್ಕದಲ್ಲಿ ನಿಂತಿದ್ದ ನೆರೆಮನೆಯ ಖದೀಜ ನೋಡಿದಳು. ಪುಟದಲ್ಲಿ ಕಾಂತಿಯ ಕಣ್ಣುಗಳಷ್ಟೇ; ಒಂದು ಕಪ್ಪು, ಇನ್ನೊಂದು ಸುಣ್ಣದ ಹಾಗೆ ಬಿಳಿ. ಐದು ವರ್ಷದ ಕಾಂತಿ ಮೇಜಿಗೆ ಗಲ್ಲ ಊರಿ, "ನನ್ನ ಮೂಗು ಎಲ್ಲಿ?" ಎಂದು ಕೇಳಿದಳು.

"ಇದರಲ್ಲಿ ಏನುಂಟು ಡಾಕ್ಟ್ರೇ?" ಎಂದಳು ಖದೀಜ.

"ಊರಿನವರ ಹೆಡ್ಡತನ ಉಂಟು." ಡಾಕ್ಟರು ಇಂಗ್ಲಿಷ್ ಸಾಲಿನ ಮೇಲೆ ಬೆರಳಿಟ್ಟು ಕನ್ನಡದಲ್ಲಿ ಹೇಳಿದರು. "ಕಣ್ಣು ಕೆಂಪಾಯಿತೆಂದು ತಾಯಿ ತನ್ನ ಎದೆಹಾಲನ್ನೇ ಚಿಪ್ಪಿಗೆ ಹಿಂಡಿ ಮೂರು ದಿನ ಕಣ್ಣಿಗೆ ಬಿಟ್ಟಿದ್ದಾಳೆ, ನಂಜೇರಿ ಕಣ್ಣು ಹೋಗಿದೆ ಅಂತ ಬರ್ದಿದ್ದೇನೆ. ಕಲ್ಕತ್ತೆಯ ಡಾಕ್ಟರೂ ಇದನ್ನು ಓದ್ತಾರೆ, ಅಲ್ಲಿಯ ತಾಯಂದಿರಿಗೆ ಹೇಳ್ತಾರೆ. ಪತ್ರಿಕೆ ಇರುವುದೇ ಅದಕ್ಕೆ. ಈ ಒಂದು ಕಣ್ಣಿನಿಂದ ನೂರು ಕಣ್ಣು ಉಳಿದೀತು."

ಸರಸಳ ಎದೆಹಾಲು! ಕಾಂತಿ ಮೊಲೆ ಬಿಟ್ಟೇ ಮೂರು ವರ್ಷವಾಗಿತ್ತು. ಹೋದ ಮಳೆಗಾಲದ ಆಟಿ ತಿಂಗಳಲ್ಲಿ, ಹಸಿ ಬಾಣಂತಿಯ ಹಾಲು ಕಣ್ಣಿಗೆ ತಂಪು ಎಂದು ಸರಸ ಬೇಲಿಯಾಚೆಯಿಂದ ಚಿಪ್ಪು ಚಾಚಿದಾಗ, ಮೂರು ಸಂಜೆಯೂ ಹಿಂಡಿ ಕೊಟ್ಟವಳು ಖದೀಜ. ಧಾರಾಳ ಉಂಟು, ನಾಳೆಯೂ ಬನ್ನಿ ಎಂದವಳೂ ಅವಳೇ.

"ಡಾಕ್ಟ್ರೇ, ಆ ಹಾಲು..."

ಸರಸ ಅವಳ ರಟ್ಟೆ ಹಿಡಿದಳು. "ಅಳದಂಗಡಿಯ ಬಸ್ಸಿಗೆ ಹೊತ್ತಾಯಿತು. ನಡಿ."

ಹೊರಗಿನ ಮೆಟ್ಟಿಲಲ್ಲಿ ಖದೀಜ ನಿಂತಳು. "ನಿಮಗೆ ಗೊತ್ತಿತ್ತಾ ಸರಸಕ್ಕ?"

"ಮೊದಲ ದಿನವೇ ಡಾಕ್ಟ್ರು ಹೇಳಿದ್ರು. ಹಾಲು ನನ್ನದೇ ಅಂದೆ."

"ಎಂಟು ತಿಂಗಳು ದಿನಾ ನನ್ನ ಜಗಲಿಯಲ್ಲಿ ಕೂತು ವೀಳ್ಯ ಹಾಕಿದ್ರಿ. ಒಂದು ಸಲ ಬೈಯಬಾರದಿತ್ತಾ?"

"ಏನಂತ ಬೈಯುವುದು? ಕೇಳಿ ಬಂದವಳು ನಾನು." ಸರಸ ಮಗಳ ಕೆದರಿದ ಕೂದಲನ್ನು ಕಿವಿಯ ಹಿಂದೆ ಸರಿಸಿದಳು. "ಮೂರು ಕೂಸನ್ನು ಮಣ್ಣಿಗಿಟ್ಟು ಇದೊಂದನ್ನು ಎತ್ತಿಕೊಂಡವಳು ನೀನು. ನಿನ್ನ ಕಿವಿಗೆ ಬಿದ್ದಿದ್ದರೆ ಎದೆಹಾಲು ಬತ್ತಿ ಹೋಗ್ತಿತ್ತು ಮಾರಾಯ್ತಿ."

ಕೂಸು ಅಳತೊಡಗಿತು. ಖದೀಜ ಮೆಟ್ಟಿಲ ಮೇಲೆಯೇ ಕುಳಿತು, ತಲೆಯ ವಸ್ತ್ರವನ್ನು ಎದೆಗೆಳೆದುಕೊಂಡು ಅದನ್ನು ಮೊಲೆಗೆ ಹಾಕಿದಳು. ಕಾಂತಿ ಕೂಸಿನ ಪಾದ ಹಿಡಿದು ಆಡಿಸುತ್ತಿದ್ದಳು. ಅದು ನಾಲ್ಕು ಸಲ ಚೀಪಿತು, ಬಾಯಿ ಬಿಟ್ಟು ಮೊದಲಿಗಿಂತ ಜೋರಾಗಿ ಅತ್ತಿತು. ಸರಸ ರಸ್ತೆಯ ಕಡೆ ಮುಖ ತಿರುಗಿಸಿದಳು.

ಖದೀಜ ಮಗುವನ್ನು ಇನ್ನೊಂದು ಬದಿಗೆ ಹಾಕಿದಳು. ಅಲ್ಲಿಯೂ ಹಾಲು ಇರಲಿಲ್ಲ.