ಒಂದು ಗುಂಡಿನ ಸಿಹಿಸುದ್ದಿ

ಗುಂಡಿನ ಸದ್ದು ಕೇಳಿದ್ದೇ ಜವರಯ್ಯ ಮೇಜಿನ ಕೆಳಗೆ ಸೇರಿದ. ಬೆಂಗಳೂರಿನ ಠಾಣೆಗಳಲ್ಲಿ ದಫೇದಾರನಾಗಿ ಸವೆದು, ನಿವೃತ್ತನಾಗಿ, ಮಗಳ ಮನೆಗೆಂದು ಕೊಡಗಿಗೆ ಬಂದು ಅವನಿಗೆ ಇನ್ನೂ ವಾರವೂ ಕಳೆದಿರಲಿಲ್ಲ. ಮೇಜಿನ ಮೇಲೆ ಚೆಲ್ಲಿದ ಕಾಫಿ ಅಂಚಿನಿಂದ ಅವನ ನೆತ್ತಿಗೆ ತೊಟ್ಟಿಕ್ಕಿತು.

ಹೋಟೆಲಿನಲ್ಲಿ ಬೇರೆ ಯಾರೂ ಅಲುಗಲಿಲ್ಲ. ಒಬ್ಬ ದೋಸೆಯ ತುಂಡನ್ನು ಬಾಯಿಯ ಹತ್ತಿರ ತಡೆದು ಕಿವಿಗೊಟ್ಟ. ಎರಡನೆಯ ಸದ್ದು ಬರಲಿಲ್ಲ. ದೋಸೆ ಬಾಯಿ ಸೇರಿತು.

“ಒಂದೇ,” ಎಂದ ಹೋಟೆಲಿನ ಯಜಮಾನ ಮರುಳಸಿದ್ದಪ್ಪ. “ಮೇಲೆ ಬನ್ನಿ ದಫೇದಾರರೇ. ಗಂಡು.”

“ಗಂಡಸಿಗಾ ತಗುಲಿದ್ದು?”

ಹೋಟೆಲಿಗೆ ಹೋಟೆಲೇ ನಕ್ಕಿತು.

ಮರುಳಸಿದ್ದಪ್ಪ ಶನಿವಾರಸಂತೆ ಕಡೆಯವನು. ಈ ಕುಟ್ಟದ ರಸ್ತೆಗೆ ಬಂದು ಹೋಟೆಲಿಟ್ಟ ಮೇಲೆ ಇಲ್ಲಿಯ ಪದ್ಧತಿಗಳನ್ನು ಹುಟ್ಟಿನಿಂದ ಬಂದವರಿಗಿಂತ ಹೆಮ್ಮೆಯಿಂದ ವಿವರಿಸುತ್ತಿದ್ದ. ಕೊಡವರ ಮನೆಯಲ್ಲಿ ಗಂಡು ಹುಟ್ಟಿದರೆ ಒಂದು ಗುಂಡು ಹಾರಿಸುತ್ತಾರೆ, ಊರಿಗೆ ತಿಳಿಯಲೆಂದು. ಸಾವಾದರೆ ಎರಡು, ಒಂದರ ಬೆನ್ನಿಗೆ ಒಂದು. ಹೆಣ್ಣಾದರೆ ಕೋವಿ ಗೋಡೆಯಿಂದ ಇಳಿಯುವುದೇ ಇಲ್ಲ.

“ನಿಮ್ಮ ಬೆಂಗಳೂರಲ್ಲಿ ಗುಂಡು ಹಾರಿದ್ರೆ ಹೆಣ ಬೀಳ್ತದೆ. ನಮ್ಮಲ್ಲಿ ತೊಟ್ಟಿಲು ತೂಗ್ತದೆ,” ಎಂದು ಅವನು ಹಿಂದಿನ ದಿನದ ಪತ್ರಿಕೆಯನ್ನು ಬಿಡಿಸಿದ. ಬಸ್ಸಿನಲ್ಲಿ ಬರುವ ಆ ಪತ್ರಿಕೆಯಲ್ಲಿ ಬೆಂಗಳೂರಿನ ಅಪರಾಧಗಳನ್ನು ಹುಡುಕಿ ಗಟ್ಟಿಯಾಗಿ ಓದುವುದು ಅವನ ಬೆಳಗಿನ ಪೂಜೆಯ ಮುಂದುವರಿಕೆ. “ಚಿಕ್ಕಪೇಟೆಯಲ್ಲಿ ಅಂಗಡಿ ಬೀಗ ಮುರಿದಿದ್ದಾರೆ. ಮಾರ್ಕೆಟ್ಟಿನಲ್ಲಿ ಚಾಕು. ಹೋದ ವರ್ಷಕ್ಕಿಂತ ಕಳವು ಜಾಸ್ತಿಯಂತೆ, ನಿಮ್ಮವರೇ ಹೇಳಿದ್ದಾರೆ. ನಮ್ಮ ಕೊಡಗು ರಾಜ್ಯವನ್ನು ಇದರ ಜೊತೆಗೆ ಸೇರಿಸಬೇಕಂತೆ.”

“ಅಲ್ಲಿ ಜನ ಎಷ್ಟಿದಾರೆ, ಯಜಮಾನ್ರೇ. ಜನ ಇದ್ದ ಕಡೆ ಕಳ್ಳರೂ ಇರ್ತಾರೆ,” ಎಂದ ಜವರಯ್ಯ, ನೆತ್ತಿ ಒರೆಸಿಕೊಳ್ಳುತ್ತ.

“ಇಲ್ಲಿ ಮನೆಗೊಂದು ಕೋವಿ ಇದೆ. ಲೈಸೆನ್ಸೂ ಬೇಕಿಲ್ಲ. ಆದರೂ ನಮ್ಮ ಪೊಲೀಸರಿಗೆ ಬೀನ್ಸ್ ಬೆಳೆಯೋದು ಬಿಟ್ಟು ಕೆಲಸ ಇಲ್ಲ. ಯಾಕೆ ಹೇಳಿ? ಮನುಷ್ಯರು, ಸ್ವಾಮಿ. ಮನುಷ್ಯರಿದ್ದಾರೆ.”

ಸದ್ದು ಬಂದದ್ದು ಮೊಣ್ಣಪ್ಪನವರ ತೋಟದ ಕಡೆಯಿಂದ. ಅವರ ಸೊಸೆಗೆ ಹಿಂದಿನ ಸಂಜೆಯೇ ನೋವು ಕಾಣಿಸಿಕೊಂಡಿದ್ದು ಊರಿಗೆಲ್ಲ ಗೊತ್ತಿತ್ತು. ಸೂಲಗಿತ್ತಿ ಕಾಳಮ್ಮ ಮೇಲೆ ಹೋದದ್ದನ್ನು ಇದೇ ಹೋಟೆಲು ನೋಡಿತ್ತು. ಇನ್ನೊಂದು ವಿಷಯವೂ ಊರಿಗೆ ಗೊತ್ತಿತ್ತು. ಮೊಣ್ಣಪ್ಪನವರ ಮಗ ನಾಣಯ್ಯನಿಗೆ ಆಗಲೇ ಮೂರು ಹೆಣ್ಣು. ನಾಲ್ಕನೆಯದೂ ಹೆಣ್ಣಾದರೆ, ತಾವೇ ದುಡಿದು ಕೊಂಡ ಕಾಫಿ ತೋಟ ಮಗನಿಗಿಲ್ಲ, ಕುಟ್ಟದಲ್ಲಿರುವ ಅಣ್ಣನ ಮಗನಿಗೆ ಎಂದು ಮುದುಕರು ಸಾರಿಬಿಟ್ಟಿದ್ದರು. ಅಂದೇ ಮಡಿಕೇರಿಗೆ ಹೋಗಿ ರಿಜಿಸ್ಟರ್ ಮಾಡಿಸುವುದಾಗಿಯೂ ಹೇಳಿದ್ದರು. ಮೊಣ್ಣಪ್ಪನವರು ಆಡಿದ ಮಾತನ್ನು ನುಂಗಿದ್ದನ್ನು ಯಾರೂ ಕಂಡಿರಲಿಲ್ಲ.

“ನಾಣಯ್ಯ ಬಚಾವಾದ,” ಎಂದು ದೋಸೆಯವನು ಕೈ ತೊಳೆದ.

ಬಚಾವಾದವನು ಅಷ್ಟರಲ್ಲಿ ತೋಟದ ದಾರಿಯಿಂದಲೇ ಇಳಿದು ಬಂದ. ಹೆಗಲ ಮೇಲೆ ಕೋವಿ. ಮುಖ ಸುಣ್ಣದಂತಿತ್ತು. ರಾತ್ರಿಯೆಲ್ಲ ನಿದ್ದೆಗೆಟ್ಟ ತಂದೆಯ ಮುಖ ಹಾಗಲ್ಲದೆ ಇನ್ನು ಹೇಗಿರುತ್ತದೆ?

“ಗುಂಡು ನಿಮ್ಮದೇ ತಾನೇ ನಾಣಯ್ಯನವರೇ?” ಮರುಳಸಿದ್ದಪ್ಪ ಗಲ್ಲಾ ಬಿಟ್ಟು ಎದ್ದ.

“ಹೌದು. ನಾನೇ ಹಾರಿಸಿದ್ದು.”

“ಅಪ್ಪ ಏನಂದ್ರು?”

“ಏನೂ ಅನ್ನಲಿಲ್ಲ.”

“ಮಾತು ಎಲ್ಲಿ ಹೊರಡಬೇಕು ಪಾಪ. ಇನ್ನಾದ್ರೂ ನೆಮ್ಮದಿಯಾಗಿ ಕಣ್ಣು ಮುಚ್ಚಲಿ.”

ನಾಣಯ್ಯ ರಸ್ತೆಯ ಕಡೆ ನೋಡಿದ. “ಮಾನಂತವಾಡಿ ಬಸ್ಸು ಹೋಯ್ತಾ?”

ಕುಟ್ಟದ ಮೇಲೆ ಗಡಿ ದಾಟಿ ಹೋಗುವ ಬಸ್ಸು ಅದು. ಮರುಳಸಿದ್ದಪ್ಪ ಎಲ್ಲರ ಕಡೆ ನೋಡಿ ಕಣ್ಣು ಮಿಟುಕಿಸಿದ. “ಕುಟ್ಟದಲ್ಲಿ ಇಳಿದು ದೊಡ್ಡಪ್ಪನ ಮಗನ ಮುಖ ನೋಡಿಯೇ ಬರೋದು ಅನ್ನಿ.”

“ಕುಟ್ಟ ದಾರಿಯಲ್ಲೇ ಸಿಗ್ತದಲ್ಲ,” ಎಂದ ನಾಣಯ್ಯ. ಕೋವಿಯನ್ನು ಹೆಗಲಿಂದ ಇಳಿಸಿದ. “ಇದು ಇಲ್ಲಿರಲಿ. ಬಸ್ಸಲ್ಲಿ ಬೇಡ.”

“ಎರಡು ಕೈಯಲ್ಲೂ ಇಸ್ಕೊಳ್ತೇನೆ.” ಮರುಳಸಿದ್ದಪ್ಪ ಹಾಗೆಯೇ ಮಾಡಿದ. ನಳಿಗೆಯನ್ನು ಹೆಗಲ ಟವೆಲಿನಿಂದ ಚೆನ್ನಾಗಿ ಒರೆಸಿ, ಬಿಸ್ಕತ್ತಿನ ಡಬ್ಬಗಳ ಪಕ್ಕ ನಿಲ್ಲಿಸಿದ. “ನೋಡಿ ದಫೇದಾರರೇ. ಕೋವಿಯನ್ನು ಹೋಟೆಲಲ್ಲಿಟ್ಟು ಊರಿಗೆ ಹೋಗ್ತಾರೆ ಇಲ್ಲಿ. ನಿಮ್ಮಲ್ಲಿ ಕೊಡೆ ಇಟ್ಟು ಹೋಗಿ, ನೋಡುವಾ.”

ಜವರಯ್ಯ ಕೋವಿಯನ್ನೂ ಬಿಸ್ಕತ್ತಿನ ಡಬ್ಬಗಳನ್ನೂ ನೋಡಿದ. ಇಡೀ ನೌಕರಿಯಲ್ಲಿ ಇಂಥದ್ದನ್ನು ಅವನು ಕಂಡಿರಲಿಲ್ಲ.

ಬಸ್ಸು ಬಂತು. ಮರುಳಸಿದ್ದಪ್ಪ ಓಡಿಹೋಗಿ ನಾಣಯ್ಯನ ಬಾಯಿಗೆ ಸಕ್ಕರೆ ತುಂಬಿದ. ಒಳಗಿದ್ದವರು ಜರುಗಿ ಡ್ರೈವರನ ಪಕ್ಕದ ಸೀಟು ಬಿಟ್ಟುಕೊಟ್ಟರು. ಕಂಡಕ್ಟರ್ ಟಿಕೆಟ್ಟಿನ ದುಡ್ಡು ಮುಟ್ಟಲಿಲ್ಲ. ಗಂಡು ಹುಟ್ಟಿದ ದಿನ ಯಾರಾದರೂ ದುಡ್ಡು ತೆಗೆದುಕೊಳ್ಳುತ್ತಾರೆಯೇ ಎಂದು ಗದರಿದ. ಜವರಯ್ಯನಿಗೆ ಏನನ್ನಿಸಿತೋ, ರಸ್ತೆಯಂಚಿನಲ್ಲಿ ಹಿಮ್ಮಡಿ ಜೋಡಿಸಿ ಒಂದು ಸಲಾಮು ಹೊಡೆದ. ನಾಣಯ್ಯ ತಿರುಗಿ ನೋಡಲಿಲ್ಲ. ಬಸ್ಸು ತಿರುವಿನಲ್ಲಿ ಮರೆಯಾಯಿತು.

“ಒಪ್ಪಿಕೊಂಡೆ ಯಜಮಾನ್ರೇ,” ಎಂದ ಜವರಯ್ಯ ಒಳಗೆ ಬಂದು. “ಬೆಂಗಳೂರು ಕೆಟ್ಟದ್ದೇ.”

“ಒಪ್ಪಿದ್ರಲ್ಲ, ಸಾಕು. ಈ ಕಾಫಿ ನನ್ನ ಲೆಕ್ಕದಲ್ಲಿ.”

ಜವರಯ್ಯ ಕಾಫಿ ಮುಗಿಸಿ ಕುಳಿತಿರುವಾಗ ಕಾಳಮ್ಮ ದಣಿದು ಬಂದಳು. ಮೊಣ್ಣಪ್ಪನವರ ಮನೆಯಿಂದ ಒಳದಾರಿ ಹಿಡಿದು, ಗದ್ದೆ ಬಳಸಿ ಬಂದಿದ್ದಳು. ಕಾಲಿನ ಕೆಸರು ಇನ್ನೂ ಆರಿರಲಿಲ್ಲ. ಮರುಳಸಿದ್ದಪ್ಪ ಸಕ್ಕರೆಯ ತಟ್ಟೆಯನ್ನೇ ಅವಳ ಮುಂದೆ ಹಿಡಿದ.

“ಮೊದಲ ಪಾಲು ನಿನ್ನದು, ಕಾಳಮ್ಮ. ಗುಂಡಿನ ಸದ್ದು ಇಲ್ಲಿಯವರೆಗೂ ಕೇಳಿಸ್ತು.”

“ನನಗೂ ಕೇಳಿಸ್ತು, ಸಾವ್ಕಾರ್ರೆ. ಯಾರ ಮನೇಲಿ ಗಂಡು ಹುಟ್ತು? ಪುಣ್ಯವಂತರು.” ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಬೆಂಚಿನ ತುದಿಗೆ ಕುಳಿತಳು.

“ನಾನು ಹೋದಲ್ಲಿ ನಾಲ್ಕನೇದೂ ಹೆಣ್ಣೇ ಆಯ್ತು. ಕೇಳಿದ್ದೇ ದೊಡ್ಡವರು ಮಡಿಕೇರಿಗೆ ಅಂತ ತೋಟದ ದಾರೀಲಿ ಇತ್ತ ಹೊರಟ್ರಲ್ಲ, ಬಸ್ಸು ಸಿಕ್ತಾ ಅವರಿಗೆ?”