ಪಾಂಡಾ ಬಸುರಿ

ಬಾಡಿಗೆಗೆ ತಂದಿದ್ದ ಪಾಂಡಾ ಬಸುರಿಯೆಂದು ತಿಳಿದ ಮರುದಿನವೇ, ಅದನ್ನು ಕಳಿಸಿದ್ದ ದೇಶದ ರಾಯಭಾರಿ ಮೃಗಾಲಯಕ್ಕೆ ಬಂದರು. ಗಾದೆಗಳ ಸಮೇತ ಕನ್ನಡ ಕಲಿತಿದ್ದ ಮನುಷ್ಯ.

"ಬಾಡಿಗೆ, ಬಿದಿರು, ಎಸಿ ಎಲ್ಲ ನಿಮ್ಮ ಖರ್ಚು. ಹುಟ್ಟುವ ಮರಿ ಮಾತ್ರ ನಮ್ಮದು. ಒಪ್ಪಂದದಲ್ಲೇ ಇದೆ. ಬೇಸರ ಬೇಡ, ಸ್ನೇಹಕ್ಕಾಗಿ ನಮ್ಮ ಮಗಳನ್ನೇ ನಿಮ್ಮ ಮನೆಗೆ ಕೊಟ್ಟಿದ್ದೇವೆ ಅಂದುಕೊಳ್ಳಿ."

ದೊಡ್ಡ ದೇಶ, ಎದುರಾಡುವಂತಿಲ್ಲ. ಮೃಗಾಲಯದ ನಿರ್ದೇಶಕರು ತಲೆಯಾಡಿಸಿ ಕಡತದಲ್ಲಿ ಬರೆದುಕೊಂಡರು. ಪಾಂಡಾ ನೋಡಿಕೊಳ್ಳುತ್ತಿದ್ದ ಚಿಕ್ಕತಾಯಮ್ಮ ಬಿದಿರಿನ ಹೊರೆ ಕೆಳಗಿಟ್ಟಳು.

"ಮಗಳು ಅಂದ್ರಲ್ಲ ಸ್ವಾಮಿ, ನಮ್ ಕಡೆ ಚೊಚ್ಚಲ ಹೆರಿಗೆ, ಬಾಣಂತನ ಎಲ್ಲಾ ತವರುಮನೆಯೋರದ್ದೇ. ಬಿದಿರಿನ ಲಾರಿ ಯಾವತ್ತು ಕಳಿಸ್ತೀರಾ?"

ರಾಯಭಾರಿ ಗಾಬರಿಯಾದರು. ಒಂದು ಲಾರಿಗೆ ಒಪ್ಪಿದರೆ ಪಾಂಡಾ ಸಾಕುವ ಎಲ್ಲ ದೇಶಗಳೂ ಕೈ ಚಾಚುತ್ತವೆ.

"ಛೆ ಛೆ, ಅದು ಹೇಗಮ್ಮ? ನಿಮ್ಮಲ್ಲೇ ಗಾದೆ ಇದೆಯಲ್ಲ, ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಅಂತ. ಅವಳಿಗೂ ತವರಿಗೂ ಇನ್ನೇನು ಸಂಬಂಧ? ಅವಳೀಗ ಸೇರಿದ ಮನೆಯವಳು."

ಚಿಕ್ಕತಾಯಮ್ಮ ಹೊರೆಯನ್ನು ಮತ್ತೆ ತಲೆಗೇರಿಸಿಕೊಂಡು ನಿರ್ದೇಶಕರತ್ತ ತಿರುಗಿದಳು.

"ಬರ್ಕೊಳ್ಳಿ ಸಾರ್, ಮರಿ ನಮ್ದೇ ಅಂತ ಸಾಹೇಬ್ರೇ ಒಪ್ಕೊಂಡ್ರು."