ಬರಿಗೈಲಿ ಬಂದ ಅತ್ತಿಗೆ

ಹೊರಗಿನ ಗಾಳಿ ಕೆಟ್ಟ ಮೇಲೆ ಜನ ಕಿಟಕಿ ಮುಚ್ಚಿ, ಗಾಜಿನ ಜಾಡಿಗಳಲ್ಲಿ ಬೆಳೆಸಿದ ಪುಟ್ಟ ತೋಟಗಳನ್ನೇ ನಂಬಿ ಉಸಿರಾಡುತ್ತಿದ್ದರು. ನೆಂಟರ ಮನೆಗೆ ಹೋಗುವವರು ತಮ್ಮ ಪಾಲಿನ ಜಾಡಿಯನ್ನು ಕಂಕುಳಲ್ಲಿ ಇಟ್ಟುಕೊಂಡೇ ಹೋಗಬೇಕು. ಅಂಥದ್ದರಲ್ಲಿ ನಳಿನಿಯ ಅಣ್ಣನ ಹೆಂಡತಿ ಕುಮುದತ್ತಿಗೆ ಬರಿಗೈಲಿ ಬಂದವರು ಮಧ್ಯಾಹ್ನದಿಂದ ಸೋಫಾ ಬಿಟ್ಟು ಎದ್ದಿರಲಿಲ್ಲ.

ದಿನವಿಡೀ ಎಲೆ ಒರೆಸಿ, ನೀರು ಚಿಮುಕಿಸಿ ಸುಸ್ತಾಗಿದ್ದ ನಳಿನಿಗೆ, ಒಬ್ಬರ ಗಾಳಿ ಇಬ್ಬರಿಗೆ ಸಾಲದೆ, ತಲೆ ಭಾರವಾಗತೊಡಗಿತು.

"ಕತ್ತಲಾಗ್ತಾ ಬಂತಲ್ಲ ಅತ್ತಿಗೆ," ಎಂದಳು.

"ನನ್ನ ಜಾಡಿ ಕೊಳೆತುಹೋಯ್ತು ಕಣೆ," ಎಂದರು ಅತ್ತಿಗೆ, ತಲೆ ಎತ್ತದೆ. "ಮುದ್ದು ಮಾಡಿ ನೀರು ಜಾಸ್ತಿ ಹಾಕಿಬಿಟ್ಟೆ."

ಬಂದ ನಿಟ್ಟುಸಿರನ್ನು ನಳಿನಿ ನುಂಗಿಕೊಂಡಳು. ಉಪ್ಪಿನಕಾಯಿ ಜಾಡಿ ತೊಳೆದು, ಮಣ್ಣು ತುಂಬಿ, ತನ್ನ ದೊಡ್ಡಪತ್ರೆಯ ಕಡ್ಡಿಯೊಂದನ್ನು ಮುರಿದು ನೆಟ್ಟಳು.

"ಇದು ಚಿಗುರೋ ತನಕ ಇಬ್ಬರೂ ಮಾತು ಕಡಿಮೆ ಮಾಡೋಣ ಅತ್ತಿಗೆ."